ನೆಟ್‌ವರ್ಕ್ ಸುರಕ್ಷತೆಯ ಆಡಿಟ್: ನಿಮ್ಮ ಸಂಸ್ಥೆಗೆ ಯಾವುದು ಸಾಕು, ಯಾವುದು ಅತಿಯಾಯಿತು?

ಮೂರು ಕಡೆಯಿಂದ ಕೊಟೇಶನ್ ಬಂದಿದೆ ಎಂದುಕೊಳ್ಳಿ. ಒಂದರ ಮೇಲೆ ‘ವಿಎಪಿಟಿ’ (ದೋಷ ಹುಡುಕುವ ಸ್ಕ್ಯಾನ್ ಮತ್ತು ಒಳನುಗ್ಗಿ ನೋಡುವ ಪರೀಕ್ಷೆ), ಇನ್ನೊಂದರ ಮೇಲೆ ‘ಐಎಸ್‌ಒ 27001 ಗ್ಯಾಪ್ ಅಸೆಸ್‌ಮೆಂಟ್’ (ಮಾಹಿತಿ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡಕ್ಕೆ ನೀವು ಎಷ್ಟು ದೂರವಿದ್ದೀರಿ ಎಂಬ ಲೆಕ್ಕ), ಮೂರನೆಯದರ ಮೇಲೆ ‘ಕಂಪ್ಲೀಟ್ ಐಟಿ ಇನ್‌ಫ್ರಾ ಆಡಿಟ್’. ದರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಆಡಳಿತ ಮಂಡಳಿಯವರು ‘ಕಡಿಮೆ ಹೇಳಿದವರಿಗೇ ಕೊಟ್ಟುಬಿಡಿ’ ಎನ್ನುತ್ತಾರೆ. ಐಟಿ ನೋಡಿಕೊಳ್ಳುವವರಿಗೆ ಯಾವುದನ್ನು ಯಾವುದರ ಜೊತೆ ಇಟ್ಟು ನೋಡಬೇಕೆಂದೇ ಗೊತ್ತಾಗುವುದಿಲ್ಲ, ಏಕೆಂದರೆ ಇವು ಒಂದೇ ಸರಕಿನ ಮೂರು ದರಗಳಲ್ಲ, ಮೂರು ಬೇರೆ ಕೆಲಸಗಳು.

ಈ ಬರಹ ಸುಮಾರು 30ರಿಂದ 300 ಕಂಪ್ಯೂಟರ್ ಇರುವ ಸಂಸ್ಥೆಗಳಿಗೆ: ಸೌಹಾರ್ದ ಸಹಕಾರಿ, ನರ್ಸಿಂಗ್ ಹೋಮ್, ಇಂಜಿನಿಯರಿಂಗ್ ಕಾಲೇಜು, ಪೀಣ್ಯದ ಕಾರ್ಖಾನೆ, ಬೆಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿ. ದೊಡ್ಡ ಬ್ಯಾಂಕುಗಳಿಗೆ ಇದಕ್ಕೆಂದೇ ಬೇರೆ ವಿಭಾಗವಿರುತ್ತದೆ, ಅವರ ಚಿಂತೆ ನಮಗೆ ಬೇಡ.

ಮೊದಲು ಅಳತೆಗೋಲು

ಐದು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳದೆ ಯಾರಿಗೂ ಫೋನ್ ಮಾಡಬೇಡಿ.

ವರದಿಯನ್ನು ಓದುವವರು ಯಾರು? ನೀವೇ ಓದಿಕೊಂಡು ಸರಿಪಡಿಸುವುದಾದರೆ ಒಂದು ದಾರಿ, ಹೊರಗಿನವರಿಗೆ ತೋರಿಸುವುದಾದರೆ ಬೇರೆಯದೇ ದಾರಿ. ನಗರ ಸಹಕಾರಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2018ರ ಅಕ್ಟೋಬರ್‌ನಲ್ಲಿ ಮೂಲಭೂತ ಸೈಬರ್ ಸುರಕ್ಷತಾ ಚೌಕಟ್ಟನ್ನೂ 2019ರ ಡಿಸೆಂಬರ್‌ನಲ್ಲಿ ನಾಲ್ಕು ಹಂತಗಳ ವಿಸ್ತೃತ ಚೌಕಟ್ಟನ್ನೂ ಕೊಟ್ಟಿದೆ. ಸರ್ಕಾರಿ ಜಾಲತಾಣವನ್ನು ಸರ್ಕಾರದ ಡೇಟಾ ಸೆಂಟರ್‌ನಲ್ಲಿ ಇಡಬೇಕಾದರೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ ಪಟ್ಟಿಯಲ್ಲಿರುವ ಆಡಿಟರ್‌ಗಳ ‘ಸೇಫ್ ಟು ಹೋಸ್ಟ್’ ಪ್ರಮಾಣಪತ್ರ ಬೇಕು. ಅಮೆರಿಕದ ಗ್ರಾಹಕರಿರುವ ಸಾಫ್ಟ್‌ವೇರ್ ಕಂಪನಿಯನ್ನು ಆ ಗ್ರಾಹಕರು ಸಾಕ್ 2 ವರದಿ (ದತ್ತಾಂಶದ ಸುರಕ್ಷತೆಗೆ ಕೈಗೊಂಡ ಕ್ರಮಗಳ ಬಗ್ಗೆ ಹೊರಗಿನ ಆಡಿಟರ್ ಕೊಡುವ ವರದಿ) ಕೇಳುತ್ತಾರೆ. 1997ರ ಸೌಹಾರ್ದ ಕಾಯ್ದೆಯಡಿ ನೋಂದಾಯಿಸಿದ ಪತ್ತಿನ ಸಹಕಾರಿಗಳು ಬ್ಯಾಂಕ್‌ಗಳಲ್ಲವಾದ್ದರಿಂದ ರಿಸರ್ವ್ ಬ್ಯಾಂಕಿನ ಆ ಚೌಕಟ್ಟು ಅವುಗಳಿಗೆ ಅನ್ವಯಿಸುವುದಿಲ್ಲ. ಹಾಗೆಂದು ಬಚಾವಾದೆವು ಅಂದುಕೊಳ್ಳುವಂತಿಲ್ಲ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಇಂಥವರನ್ನೂ ಒಳಗೊಳ್ಳುತ್ತದೆ. ಅದರ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಯಂತ್ರಗಳ ಚಟುವಟಿಕೆಯ ದಾಖಲೆ) 180 ದಿನ ಉಳಿಸಿಕೊಳ್ಳಬೇಕು, ಎಲ್ಲ ಯಂತ್ರಗಳ ಗಡಿಯಾರಗಳು ಒಂದೇ ಸಮಯ ತೋರಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ. ದತ್ತಾಂಶ ಸೋರದಂತೆ ತಕ್ಕ ಎಚ್ಚರಿಕೆ ವಹಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ.

ಇಂಟರ್‌ನೆಟ್‌ಗೆ ನಿಮ್ಮದು ಎಷ್ಟು ತೆರೆದಿದೆ? ಒಂದು ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್‌ನೆಟ್ ವಿಳಾಸ), ಒಂದು ಜಾಲತಾಣ ಅಷ್ಟೆಯೋ, ಅಥವಾ ಗ್ರಾಹಕರು ಲಾಗಿನ್ ಆಗುವ ಆ್ಯಪ್, ವಿಪಿಎನ್ (ಹೊರಗಿನಿಂದ ಕಚೇರಿಯ ಜಾಲಕ್ಕೆ ಬರುವ ಗುಪ್ತ ದಾರಿ), ಮೇಲ್ ಸರ್ವರ್ ಎಲ್ಲ ಇವೆಯೋ?

ಯಾವ ಯಂತ್ರ ನಿಂತರೆ ಕೆಲಸ ನಿಲ್ಲುತ್ತದೆ? ಸ್ಕ್ಯಾನ್ (ತಂತ್ರಾಂಶದಿಂದ ಯಂತ್ರಗಳನ್ನು ತಡಕಿ ನೋಡುವುದು) ತಾಳಲಾರದೆ ಕೆಡುವ ಯಂತ್ರಗಳೂ ಇವೆ. ಅವುಗಳ ಪಟ್ಟಿ ಬೇರೆಯೇ ಇರಲಿ.

ಸಿಕ್ಕ ದೋಷಗಳನ್ನು ಸರಿಪಡಿಸುವವರು ಯಾರು? ಐದರಲ್ಲಿ ನಾನು ಹೆಚ್ಚು ತೂಕ ಕೊಡುವುದು ಇದಕ್ಕೆ. ಒಬ್ಬನೇ ಸಿಸ್ಟಂ ಅಡ್ಮಿನ್ ಇರುವ ಕಡೆ 600 ದೋಷಗಳ ವರದಿ ಬಂದರೆ ಅದು ಕಪಾಟು ಸೇರುತ್ತದೆ. ಮುಂದಿನ ವರ್ಷದ ಆಡಿಟರ್ ಅದೇ 600ನ್ನು ಮತ್ತೆ ಎಣಿಸಿ ಬಿಲ್ ಕೊಡುತ್ತಾರೆ.

ಐದನೆಯದು ಹಣ. ಆಡಿಟ್ ಶುಲ್ಕದಷ್ಟೇ ಮೊತ್ತವನ್ನು ದುರಸ್ತಿಗೆಂದು ಎತ್ತಿಡಲು ಆಗದಿದ್ದರೆ ಆ ಆಡಿಟ್ ನಿಮಗೆ ದುಬಾರಿ. ಒಂದು ಮೆಟ್ಟಿಲು ಕೆಳಗಿನ, ಅಗ್ಗದ ಆಡಿಟನ್ನು ಆರಿಸಿ.

ಸ್ವಂತ ಆಡಿಟ್: ಖರ್ಚು ಕಡಿಮೆ, ಬೆವರು ಜಾಸ್ತಿ

ಹೊರಗಿನವರನ್ನು ಕರೆಯುವುದು ಖಚಿತವಾಗಿದ್ದರೂ ಇದನ್ನು ಬಿಡುವ ಹಾಗಿಲ್ಲ. ನೂರು ಕಂಪ್ಯೂಟರ್‌ಗಳ ಸಂಸ್ಥೆಯಲ್ಲಿ, ದಿನದ ಕೆಲಸದ ನಡುವೆ ಮಾಡಿದರೆ ಎರಡು-ಮೂರು ವಾರ ಹಿಡಿಯುತ್ತದೆ. ಯಾವುದನ್ನು ನೋಡಬೇಕೆಂಬ ಪಟ್ಟಿಯನ್ನು ಹೊಸದಾಗಿ ತಯಾರಿಸಬೇಕಿಲ್ಲ. ಸಿಐಎಸ್ ಕಂಟ್ರೋಲ್ಸ್ ಎಂಬ ಸುರಕ್ಷತಾ ಕ್ರಮಗಳ ಪಟ್ಟಿಯ 8ನೇ ಆವೃತ್ತಿಯಲ್ಲಿ ಸಣ್ಣ ಸಂಸ್ಥೆಗಳಿಗೆಂದು ಗುರುತಿಸಿದ 56 ಅಂಶಗಳ ಮೊದಲ ಗುಂಪು ಉಚಿತವಾಗಿ ಸಿಗುತ್ತದೆ, ನಮ್ಮ ಅಳತೆಯ ಸಂಸ್ಥೆಗಳಿಗೆ ಅದು ಧಾರಾಳವಾಯಿತು.

ಶುರು ಮಾಡಬೇಕಾದ್ದು ಎಣಿಕೆಯಿಂದ. ಎನ್‌ಮ್ಯಾಪ್ ಎಂಬ ಸ್ಕ್ಯಾನರ್ ಹಾಕಿ ಪ್ರತಿ ಸಬ್‌ನೆಟ್‌ನಲ್ಲೂ (ಜಾಲದ ಪ್ರತಿ ಭಾಗದಲ್ಲೂ) ಜೀವಂತ ಇರುವ ವಿಳಾಸಗಳನ್ನು ಹುಡುಕಿ. ಅದರ ಜೊತೆಗೆ ಡಿಎಚ್‌ಸಿಪಿ (ಯಂತ್ರಗಳಿಗೆ ತಾನಾಗಿ ಐಪಿ ಹಂಚುವ ವ್ಯವಸ್ಥೆ) ಕೊಟ್ಟ ವಿಳಾಸಗಳ ಪಟ್ಟಿ, ಸ್ವಿಚ್‌ನ ಮ್ಯಾಕ್ ಟೇಬಲ್ (ಯಾವ ಯಂತ್ರ ಅದರ ಯಾವ ಕೊಂಡಿಯಲ್ಲಿದೆ ಎಂಬ ಪಟ್ಟಿ), ಕಚೇರಿಯ ಸ್ಟಾಕ್ ರಿಜಿಸ್ಟರ್ ಈ ಮೂರನ್ನೂ ಎಕ್ಸೆಲ್‌ನಲ್ಲಿ ಅಕ್ಕಪಕ್ಕ ಇಡಿ. ರಿಜಿಸ್ಟರ್‌ನಲ್ಲಿ ಇಲ್ಲದೆ ನೆಟ್‌ವರ್ಕ್‌ನಲ್ಲಿ ಮಾತ್ರ ಕಾಣುವ ಸಾಲುಗಳೇ ನಿಮ್ಮ ಮೊದಲ ವರದಿ. ಸಾಮಾನ್ಯವಾಗಿ ಅಲ್ಲಿ ಸಿಗುವುದು ಸಿಸಿಟಿವಿಯ ಡಿವಿಆರ್, ಹಾಜರಾತಿಯ ಬೆರಳಚ್ಚು ಯಂತ್ರ, ಯಾರೋ ಮನೆಯಿಂದ ತಂದು ಸಿಕ್ಕಿಸಿದ ವೈಫೈ ರೂಟರ್, ಮತ್ತು ಎಂದೋ ಕೆಲಸ ಬಿಟ್ಟು ಹೋದವರ ಮೇಜಿನಡಿ ಇನ್ನೂ ಓಡುತ್ತಿರುವ ಒಂದು ಪಿಸಿ.

ಇಲ್ಲೊಂದು ಗುಂಡಿ ಇದೆ. ಪಿಂಗ್‌ಗೆ (‘ಇದ್ದೀಯಾ?’ ಎಂಬ ಕರೆಗೆ) ಉತ್ತರಿಸದ ಯಂತ್ರವನ್ನು ಸ್ಕ್ಯಾನರ್ ‘ಇಲ್ಲ’ ಎಂದು ಬಿಟ್ಟು ಮುಂದೆ ಹೋಗುತ್ತದೆ. ವಿಂಡೋಸ್ ಫೈರ್‌ವಾಲ್ ಪಿಂಗ್ ತಡೆಯುವುದು ಮಾಮೂಲು. ಹಾಗಾಗಿ 40 ಯಂತ್ರಗಳ ಕೋಣೆಯಲ್ಲಿ 11 ಮಾತ್ರ ಕಂಡರೆ ಖುಷಿಪಡಬೇಡಿ. ಒಂದೇ ಸಬ್‌ನೆಟ್‌ನೊಳಗೆ ನಿಂತು ಎಆರ್‌ಪಿ (ಈ ಐಪಿ ಯಾವ ಯಂತ್ರದ್ದೆಂದು ಒಳಜಾಲದಲ್ಲಿ ವಿಚಾರಿಸುವ ವಿಧಾನ) ಮೂಲಕ ಹುಡುಕಿದರೆ ಫೈರ್‌ವಾಲ್ ಹಾಕಿಕೊಂಡವೂ ಸಿಗುತ್ತವೆ.

ನಂತರ ಹೊರಗಿನ ನೋಟ. ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾಕಿ, ಕಚೇರಿಯ ಸ್ಟ್ಯಾಟಿಕ್ ಐಪಿಯ 65,535 ಟಿಸಿಪಿ ಪೋರ್ಟ್‌ಗಳನ್ನೂ (ಹೊರಗಿನ ಸಂಪರ್ಕ ಒಳಬರುವ ಬಾಗಿಲುಗಳು) ನೋಡಿ. ಎನ್‌ಮ್ಯಾಪ್ ತಾನಾಗಿ ನೋಡುವುದು ಹೆಚ್ಚು ಬಳಕೆಯ 1,000 ಪೋರ್ಟ್‌ಗಳನ್ನಷ್ಟೇ. ‘ಸುರಕ್ಷಿತವಾಗಿರಲಿ’ ಎಂದು ಮಾಮೂಲಿ ಪೋರ್ಟ್ 3389ನ್ನು 53389ಕ್ಕೆ ಬದಲಾಯಿಸಿಟ್ಟ ರಿಮೋಟ್ ಡೆಸ್ಕ್‌ಟಾಪ್ (ಕಂಪ್ಯೂಟರನ್ನು ದೂರದಿಂದ ಬಳಸುವ ಸೌಲಭ್ಯ) ಆ ಸಾವಿರದಲ್ಲಿ ಬರದೆ ಹೋಗಬಹುದು, ಹುಡುಕುವ ಕಳ್ಳನಿಗೆ ಮಾತ್ರ ಬಂದೇ ಬರುತ್ತದೆ. ನಮ್ಮ ಕಡೆಯ ಸಣ್ಣ ಕಚೇರಿಗಳಲ್ಲಿ ಇದರ ಹಿಂದಿನ ಕಾರಣ ಬಹುತೇಕ ಒಂದೇ: ಚಾರ್ಟರ್ಡ್ ಅಕೌಂಟೆಂಟ್ ಮನೆಯಿಂದಲೇ ಟ್ಯಾಲಿ ನೋಡಬೇಕು. ಅದಕ್ಕೆ ವಿಪಿಎನ್ ಹಾಕಿ, ಎರಡನೇ ಹಂತದ ದೃಢೀಕರಣ ಇಡಿ, ಪೋರ್ಟ್ ಮುಚ್ಚಿ. ಒಂದು ಮಧ್ಯಾಹ್ನದ ಕೆಲಸ ಅದು. ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಕುತಂತ್ರಾಂಶ) ಒಳಬರುವ ಅತಿ ಸಾಮಾನ್ಯ ಬಾಗಿಲುಗಳಲ್ಲಿ ಒಂದು ಅಷ್ಟಕ್ಕೇ ಮುಚ್ಚಿಕೊಳ್ಳುತ್ತದೆ.

ಫೈರ್‌ವಾಲ್ ನಿಯಮಗಳನ್ನು ಪ್ರಿಂಟ್ ತೆಗೆದು ಪೆನ್ ಹಿಡಿದು ಕುಳಿತುಕೊಳ್ಳಿ. ಪ್ರತಿ ಸಾಲಿಗೂ ಮೂರು ಸಂಗತಿ ಬರೆಯಿರಿ: ಯಾರು ಕೇಳಿದ್ದು, ಯಾಕೆ, ಎಲ್ಲಿಯವರೆಗೆ. ಉತ್ತರ ಸಿಗದ ನಿಯಮವನ್ನು ತಕ್ಷಣ ಅಳಿಸಬೇಡಿ, ನಿಷ್ಕ್ರಿಯಗೊಳಿಸಿ ಒಂದು ತಿಂಗಳು ಕಾಯಿರಿ. ಮೂರು ತಿಂಗಳಲ್ಲಿ ಒಮ್ಮೆಯೂ ಬಳಕೆಯಾಗದ ನಿಯಮಗಳನ್ನು ಹಿಟ್ ಕೌಂಟರ್ ತೋರಿಸಿಕೊಡುತ್ತದೆ. ವರ್ಷಕ್ಕೊಮ್ಮೆ, ಮಾರ್ಚ್ ಅಂತ್ಯದಲ್ಲಿ ಮಾತ್ರ ಬೇಕಾಗುವ ನಿಯಮಗಳೂ ಇರುತ್ತವೆ ಎಂಬುದು ನೆನಪಿರಲಿ. ಎಲ್ಲ ಮೂಲದಿಂದ ಎಲ್ಲ ಗಮ್ಯಕ್ಕೂ ಎಲ್ಲವನ್ನೂ ಬಿಡುವ ‘ಎನಿ-ಎನಿ’ ಸಾಲೊಂದು ತಾತ್ಕಾಲಿಕ ಎಂಬ ಹೆಸರಲ್ಲಿ ನಡುವೆಲ್ಲೋ ಕೂತಿರುತ್ತದೆ. ಅದರ ಕೆಳಗಿನ ನಿಯಮಗಳೆಲ್ಲ ಆಗ ಇದ್ದೂ ಇಲ್ಲದಂತೆ.

ದೋಷ ಹುಡುಕಲು ಓಪನ್‌ವಾಸ್ ಉಚಿತ. ನೆಸ್ಸಸ್ ಎಂಬ ಸ್ಕ್ಯಾನರ್ 2005ರಲ್ಲಿ ಮುಕ್ತ ತಂತ್ರಾಂಶವಾಗಿರುವುದನ್ನು ನಿಲ್ಲಿಸಿದಾಗ ಅದರಿಂದ ಕವಲೊಡೆದದ್ದು ಇದು, ಈಗ ಗ್ರೀನ್‌ಬೋನ್ ಹೆಸರಲ್ಲಿದೆ. ನಾಲ್ಕು ಕೋರ್, 8 ಜಿಬಿ ರ‍್ಯಾಮ್, 60 ಜಿಬಿ ಡಿಸ್ಕ್ ಇರುವ ವರ್ಚುವಲ್ ಯಂತ್ರ ಕೊಡಿ. ಹೊಸಬರು ಎಡವುವುದು ಎರಡು ಕಡೆ. ಒಂದು, ದೋಷಗಳ ಫೀಡ್ (ಸ್ಕ್ಯಾನರ್ ಹುಡುಕಬೇಕಾದ ದೋಷಗಳ ಪಟ್ಟಿ) ಪೂರ್ತಿ ಇಳಿಯಲು ಗಂಟೆಗಟ್ಟಲೆ ಬೇಕು. ಅದು ಮುಗಿಯುವ ಮೊದಲೇ ಸ್ಕ್ಯಾನ್ ಒತ್ತಿದರೆ ವರದಿ ಖಾಲಿ ಬರುತ್ತದೆ, ನೀವು ‘ನಮ್ಮದೆಲ್ಲ ಚೊಕ್ಕ’ ಅಂದುಕೊಳ್ಳುತ್ತೀರಿ. ಎರಡು, ಲಾಗಿನ್ ಕೊಡದೆ ಸ್ಕ್ಯಾನ್ ಮಾಡುವುದು. ಆಗ ಸ್ಕ್ಯಾನರ್‌ಗೆ ಕಾಣುವುದು ಹೊರಗಿನ ಬಾಗಿಲುಗಳಷ್ಟೇ. ಒಳಗೆ ಹಳೆಯ ಬ್ರೌಸರ್ ಇದೆಯೇ, ಯಾವ ಪ್ಯಾಚ್ (ದೋಷ ಮುಚ್ಚುವ ತೇಪೆ) ಬಾಕಿ ಎಂಬುದು ಗೊತ್ತಾಗಬೇಕಾದರೆ ಅಡ್ಮಿನ್ ಹಕ್ಕಿನ ಪ್ರತ್ಯೇಕ ಖಾತೆಯೊಂದನ್ನು ಮಾಡಿ ಕೊಡಬೇಕು, ಕೆಲಸ ಮುಗಿದ ದಿನವೇ ಅದನ್ನು ಮುಚ್ಚಬೇಕು.

ಸ್ಕ್ಯಾನ್ ನಡೆಯುವಾಗ ಏನೇನು ಕೆಡುತ್ತದೆ ಎಂಬುದನ್ನೂ ತಿಳಿದಿರಿ. ನೆಟ್‌ವರ್ಕ್ ಪ್ರಿಂಟರ್‌ಗಳ 9100 ಪೋರ್ಟ್‌ಗೆ ಏನು ಕಳಿಸಿದರೂ ಪ್ರಿಂಟರ್ ಅದನ್ನು ಮುದ್ರಿಸಲು ಹೊರಡುತ್ತದೆ, ಬೆಳಿಗ್ಗೆ ಬಂದು ನೋಡಿದರೆ ಟ್ರೇ ಖಾಲಿ, ನೆಲದ ತುಂಬ ಅರ್ಥವಿಲ್ಲದ ಅಕ್ಷರಗಳ ಹಾಳೆಗಳು. ಪಾಸ್‌ವರ್ಡ್ ಊಹಿಸುವ ಪರೀಕ್ಷೆ ಚಾಲೂ ಇದ್ದರೆ ಐದಾರು ತಪ್ಪಿಗೆ ಬೀಗ ಬೀಳುವ ಡೊಮೇನ್ ಖಾತೆಗಳೆಲ್ಲ (ಇಡೀ ಕಚೇರಿಗೆ ಒಂದೇ ಕಡೆಯಿಂದ ನಿರ್ವಹಿಸುವ ಲಾಗಿನ್‌ಗಳು) ಒಟ್ಟಿಗೆ ಲಾಕ್ ಆಗುತ್ತವೆ. ಕಾರ್ಖಾನೆಯ ಹಳೆಯ ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ನಿಯಂತ್ರಕ) ಸಾಧಾರಣ ಪೋರ್ಟ್ ಸ್ಕ್ಯಾನ್‌ಗೇ ತೆಪ್ಪಗಾಗಬಹುದು.

ಕೊನೆಯದಾಗಿ ಬ್ಯಾಕಪ್. ‘ಯಶಸ್ವಿ’ ಎಂಬ ಹಸಿರು ಗುರುತನ್ನು ನಂಬಬೇಡಿ. ಖಾಲಿ ಯಂತ್ರವೊಂದಕ್ಕೆ ಮುಖ್ಯ ಸರ್ವರನ್ನು ಮರಳಿ ತುಂಬಿಸಿ, ಎಷ್ಟು ಗಂಟೆ ಹಿಡಿಯಿತೆಂದು ಬರೆದಿಡಿ. ಬ್ಯಾಕಪ್ ಡಬ್ಬಿ ಅದೇ ಡೊಮೇನ್‌ನ ಅದೇ ಪಾಸ್‌ವರ್ಡ್‌ನಿಂದ ತೆರೆಯುವಂತಿದ್ದರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಜಡಿಯುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ, ಸರ್ವರ್ 2012 ಆರ್2ಗೆ 2023ರ ಅಕ್ಟೋಬರ್ 10ಕ್ಕೆ ಮುಗಿದಿದೆ. ಅವು ಎಲ್ಲೆಲ್ಲಿವೆ ಎಂಬ ಪಟ್ಟಿಯೂ ಇದೇ ಸುತ್ತಿನಲ್ಲಿ ಆಗಲಿ.

ಸ್ವಂತ ಆಡಿಟ್‌ನ ಮಿತಿ ಇಷ್ಟೇ: ನಮ್ಮ ಉತ್ತರಪತ್ರಿಕೆಯನ್ನು ನಾವೇ ತಿದ್ದಿಕೊಂಡಂತೆ. ತಾನೇ ಬರೆದ ಫೈರ್‌ವಾಲ್ ನಿಯಮದಲ್ಲಿ ತಪ್ಪು ಕಾಣುವುದು ಕಷ್ಟ, ಹೊರಗಿನವರು ಆ ವರದಿಯನ್ನು ಒಪ್ಪುವುದೂ ಇಲ್ಲ.

ಹೊರಗಿನವರಿಂದ ಬರೀ ಸ್ಕ್ಯಾನ್

ಕೊಟೇಶನ್‌ನಲ್ಲಿ ‘ವಿಎ’ ಎಂದಿದ್ದರೆ ಇದು. ಬಹಳ ಸಲ ‘ವಿಎಪಿಟಿ’ ಎಂದಿದ್ದರೂ ಒಳಗಿರುವುದು ಇದೇ. ಒಬ್ಬರು ಲ್ಯಾಪ್‌ಟಾಪ್ ತರುತ್ತಾರೆ, ಪರವಾನಗಿ ಪಡೆದ ಸ್ಕ್ಯಾನರ್ ಓಡಿಸುತ್ತಾರೆ, ಎರಡು ದಿನ ಬಿಟ್ಟು ನಾನೂರು ಪುಟದ ಪಿಡಿಎಫ್ ಬರುತ್ತದೆ. ಅಗ್ಗ, ಬೇಗ, ಹೊರಗಿನವರ ಸಹಿಯೂ ಇರುತ್ತದೆ. ತನ್ನಲ್ಲಿ ಸ್ಕ್ಯಾನ್ ಮಾಡುವಷ್ಟು ಸಿಬ್ಬಂದಿ ಇಲ್ಲದ, ಆದರೆ ಪ್ಯಾಚ್ ಹಾಕಿಸುವಷ್ಟು ವ್ಯವಸ್ಥೆ ಇರುವ ಸಂಸ್ಥೆಗೆ ಮೂರು ತಿಂಗಳಿಗೊಮ್ಮೆ ಇದು ಒಳ್ಳೆಯ ಆಯ್ಕೆ.

ವರದಿ ಓದುವಾಗ ಮೂರು ಎಚ್ಚರ. ಒಂದೇ ಪ್ಯಾಚ್ 80 ಯಂತ್ರಗಳಲ್ಲಿ ಬಾಕಿಯಿದ್ದರೆ 80 ‘ಕ್ರಿಟಿಕಲ್’ ಎಂದು ಎಣಿಕೆಯಾಗುತ್ತದೆ, ನಿಜವಾದ ಕೆಲಸ ಒಂದೇ. ಎರಡನೆಯದು, ಉಬುಂಟು ಮತ್ತು ರೆಡ್ ಹ್ಯಾಟ್‌ನವರು ಆವೃತ್ತಿಯ ಸಂಖ್ಯೆ ಬದಲಿಸದೆ ಹಳೆಯ ಅಪಾಚಿ ವೆಬ್ ಸರ್ವರ್‌ಗೇ ದುರಸ್ತಿ ಸೇರಿಸುತ್ತಾರೆ. ಸ್ಕ್ಯಾನರ್ ಬರೀ ಸಂಖ್ಯೆ ನೋಡಿ ‘ಅಪಾಯ’ ಎಂದು ಕೂಗುತ್ತದೆ. ಮೂರನೆಯದು, ದೋಷದ ತೀವ್ರತೆಗೆ ಕೊಡುವ ಸಿವಿಎಸ್‌ಎಸ್ ಅಂಕವನ್ನೇ ನೆಚ್ಚಬೇಡಿ. 10ಕ್ಕೆ 9.8 ಅಂಕದ ದೋಷ ಒಳಗಿನ ಪ್ರಯೋಗಾಲಯದ ಯಂತ್ರದಲ್ಲಿದ್ದು, 7.5 ಅಂಕದ್ದು ಇಂಟರ್‌ನೆಟ್‌ಗೆ ತೆರೆದ ವಿಪಿಎನ್ ಪೆಟ್ಟಿಗೆಯಲ್ಲಿದ್ದರೆ ಮೊದಲು ಮುಟ್ಟಬೇಕಾದ್ದು ಎರಡನೆಯದನ್ನು. ಅಮೆರಿಕ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸೀಸಾ, ದಾಳಿಕೋರರು ವಾಸ್ತವವಾಗಿ ಬಳಸುತ್ತಿರುವ ದೋಷಗಳ ಪಟ್ಟಿಯನ್ನು ಬಹಿರಂಗವಾಗಿ ಇಟ್ಟಿದೆ. ನಿಮ್ಮ ವರದಿಯ ದೋಷ ಅದರಲ್ಲಿದ್ದರೆ ಮಿಕ್ಕದ್ದೆಲ್ಲ ಆಮೇಲೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿದಾಗ ಅದನ್ನು ತಡೆಯಲು ಬೇಕಾದ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು.

ಪೆನ್‌ಟೆಸ್ಟ್

ಇಲ್ಲಿ ಮನುಷ್ಯರು ಕೂತು ಒಳನುಗ್ಗಲು ಪ್ರಯತ್ನಿಸುತ್ತಾರೆ. ಸ್ಕ್ಯಾನರ್‌ಗೆ ಕಾಣದ ಸರಪಳಿ ಇವರಿಗೆ ಕಾಣುತ್ತದೆ. ಉದಾಹರಣೆಗೆ: ಜೆರಾಕ್ಸ್ ಯಂತ್ರದ ವೆಬ್ ಪುಟಕ್ಕೆ ಕಾರ್ಖಾನೆಯ ಪಾಸ್‌ವರ್ಡೇ ಇದೆ. ಸ್ಕ್ಯಾನ್ ಮಾಡಿದ ಕಡತವನ್ನು ಮೇಲ್ ಮಾಡಲೆಂದು ಅದರೊಳಗೆ ಡೊಮೇನ್ ಖಾತೆಯೊಂದನ್ನು ಉಳಿಸಿಟ್ಟಿದ್ದಾರೆ. ಪರೀಕ್ಷಕರು ಸರ್ವರ್ ವಿಳಾಸದ ಜಾಗದಲ್ಲಿ ತಮ್ಮ ಲ್ಯಾಪ್‌ಟಾಪ್ ವಿಳಾಸ ಬರೆದು ‘ಟೆಸ್ಟ್’ ಒತ್ತುತ್ತಾರೆ, ಖಾತೆಯ ಪಾಸ್‌ವರ್ಡ್ ಅವರ ಕೈಗೆ ಬರುತ್ತದೆ. ಆ ಖಾತೆಗೆ ಯಾರೋ ಸಲೀಸಿಗೆಂದು ಡೊಮೇನ್ ಅಡ್ಮಿನ್ ಹಕ್ಕು ಕೊಟ್ಟಿದ್ದಾರೆ. ಅಲ್ಲಿಗೆ ಇಡೀ ಕಚೇರಿ ಅವರ ವಶ. ಸ್ಕ್ಯಾನ್ ವರದಿಯಲ್ಲಿ ಇದೇ ಸಂಗತಿ ‘ಪ್ರಿಂಟರ್‌ನಲ್ಲಿ ಡಿಫಾಲ್ಟ್ ಪಾಸ್‌ವರ್ಡ್’ ಎಂಬ ಒಂದು ಸಾಲಾಗಿ ಎಲ್ಲೋ ಮೂಲೆಯಲ್ಲಿ ಬಿದ್ದಿರುತ್ತದೆ.

ದರವನ್ನು ಅಳೆಯಬೇಕಾದ್ದು ಪುಟಗಳಿಂದಲ್ಲ, ಆಳು-ದಿನಗಳಿಂದ. ಲಾಗಿನ್, ಪಾವತಿ, ನಾಲ್ಕೈದು ಬಗೆಯ ಬಳಕೆದಾರರಿರುವ ಸಾಧಾರಣ ವೆಬ್ ಆ್ಯಪ್ ಒಂದನ್ನು ಒಬ್ಬರು ಕೈಯಾರೆ ಪರೀಕ್ಷಿಸಲು ಐದರಿಂದ ಹತ್ತು ದಿನ ಬೇಕು. ‘200 ಸರ್ವರ್, ಮೂರು ಆ್ಯಪ್, ಎರಡು ದಿನ’ ಎಂದು ಬರೆದಿದ್ದರೆ ಅದು ಪೆನ್‌ಟೆಸ್ಟ್ ಹೆಸರಿನ ಸ್ಕ್ಯಾನ್. ಕೆಲಸಕ್ಕೆ ಕೂರುವವರು ಯಾರು, ಅವರ ಅನುಭವವೇನು ಎಂದು ಕೇಳಿ. ಕಂಪನಿಯ ಹೆಸರು ಸರ್ಟ್-ಇನ್ ಪಟ್ಟಿಯಲ್ಲಿದ್ದ ಮಾತ್ರಕ್ಕೆ ನಿಮ್ಮಲ್ಲಿಗೆ ಬರುವವರು ಪಳಗಿದವರೆಂದೇನೂ ಇಲ್ಲ. ಗ್ರಾಹಕರ ಹೆಸರು ಅಳಿಸಿದ ಹಳೆಯ ವರದಿಯೊಂದನ್ನು ಕೇಳಿ ಓದಿ. ದೋಷವನ್ನು ಮತ್ತೆ ಮಾಡಿ ತೋರಿಸುವ ಹೆಜ್ಜೆಗಳು, ಪರದೆಯ ಚಿತ್ರ, ನಿಮ್ಮ ವ್ಯವಹಾರಕ್ಕೆ ಅದರಿಂದಾಗುವ ಪರಿಣಾಮ ಇದ್ದರೆ ಒಳ್ಳೆಯದು. ಬರೀ ಬಣ್ಣಬಣ್ಣದ ಪೈ ಚಾರ್ಟ್‌ಗಳಿದ್ದರೆ ಬಿಡಿ.

ಬಜೆಟ್ ಸಣ್ಣದಾದರೆ ‘ಏನೂ ಹೇಳಬೇಡಿ, ಅವರೇ ಕಂಡುಹಿಡಿಯಲಿ’ ಎಂಬ ಕಪ್ಪುಪೆಟ್ಟಿಗೆ ಪರೀಕ್ಷೆಯ ಆಸೆ ಬೇಡ. ಕೊಂಡ ದಿನಗಳಲ್ಲಿ ಅರ್ಧದಷ್ಟು ನಿಮ್ಮಲ್ಲಿ ಏನಿದೆ ಎಂದು ಹುಡುಕುವುದಕ್ಕೇ ಹೋಗುತ್ತವೆ. ಜಾಲದ ನಕ್ಷೆ, ಒಂದು ಸಾಮಾನ್ಯ ಬಳಕೆದಾರರ ಖಾತೆ ಕೊಟ್ಟುಬಿಡಿ. ಮೋಸದ ಮೇಲ್‌ನ ಕೊಂಡಿ ಒತ್ತುವವರು ಒಬ್ಬರಾದರೂ ಇದ್ದೇ ಇರುತ್ತಾರೆ ಎಂದಿಟ್ಟುಕೊಂಡು, ಆ ನಂತರ ಏನಾಗುತ್ತದೆ ಎಂಬುದನ್ನು ಅವರು ನೋಡಲಿ.

ಸ್ವಂತ ಆಡಿಟ್ ಮಾಡದೆ ಪೆನ್‌ಟೆಸ್ಟ್ ಕೊಂಡರೆ ಹಣ ನೀರುಪಾಲು. ಮೊದಲ ದಿನ ಮಧ್ಯಾಹ್ನದೊಳಗೆ ‘ಕಂಪನಿಯ ಹೆಸರು@123’ ಪಾಸ್‌ವರ್ಡ್‌ನಿಂದ ಒಳಹೊಕ್ಕು ಡೊಮೇನ್ ಹಿಡಿದಾಯಿತು, ಉಳಿದ ದಿನಗಳ ಶುಲ್ಕ ನಿಮಗೆ ಮೊದಲೇ ಗೊತ್ತಿದ್ದುದನ್ನು ಬರೆಸಿಕೊಳ್ಳುವುದಕ್ಕೆ.

ಲಿಖಿತ ಅನುಮತಿ ಇಲ್ಲದೆ ಯಾರೂ ಶುರು ಮಾಡಬಾರದು. ಅನುಮತಿಯಿಲ್ಲದ ಪ್ರವೇಶ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಂಗಳ ವ್ಯಾಪ್ತಿಗೆ ಬರುತ್ತದೆ. ಸರ್ವರ್ ಬೇರೆಯವರ ಹೋಸ್ಟಿಂಗ್‌ನಲ್ಲಿದ್ದರೆ ಅವರ ಒಪ್ಪಿಗೆಯೂ ಬೇಕು.

ಪ್ರಮಾಣಪತ್ರದ ದಾರಿ: ಐಎಸ್‌ಒ 27001, ಸಾಕ್ 2

ಇವು ನಿಮ್ಮ ಫೈರ್‌ವಾಲನ್ನು ಪರೀಕ್ಷಿಸುವುದಿಲ್ಲ. ಫೈರ್‌ವಾಲನ್ನು ಪರೀಕ್ಷಿಸುವ ಪದ್ಧತಿ ನಿಮ್ಮಲ್ಲಿದೆಯೇ, ಅದು ನಡೆದದ್ದಕ್ಕೆ ಪುರಾವೆ ಇದೆಯೇ ಎಂದು ನೋಡುತ್ತವೆ. ಐಎಸ್‌ಒ 27001ರ 2022ರ ಆವೃತ್ತಿಯ ಅನುಬಂಧದಲ್ಲಿ 93 ನಿಯಂತ್ರಣಗಳಿವೆ, ಹಳೆಯದರಲ್ಲಿ 114 ಇದ್ದವು. ಮೊದಲ ಹಂತದಲ್ಲಿ ಕಾಗದಪತ್ರ, ಎರಡನೇ ಹಂತದಲ್ಲಿ ಆಚರಣೆ ನೋಡುತ್ತಾರೆ. ಪ್ರಮಾಣಪತ್ರ ಮೂರು ವರ್ಷದ್ದು, ನಡುವೆ ವರ್ಷಕ್ಕೊಮ್ಮೆ ಕಣ್ಗಾವಲು ಆಡಿಟ್. ಅಂದರೆ ಖರ್ಚು ಒಂದು ಸಲದ್ದಲ್ಲ. ಸಾಕ್ 2ರಲ್ಲಿ ಟೈಪ್ 1 ಒಂದು ದಿನದ ಚಿತ್ರ. ಟೈಪ್ 2 ಆರು ತಿಂಗಳೋ ವರ್ಷವೋ ಕಳೆದ ಅವಧಿಯ ಪುರಾವೆ ಕೇಳುತ್ತದೆ, ಗಂಭೀರ ಗ್ರಾಹಕರು ಒಪ್ಪುವುದೂ ಅದನ್ನೇ.

ಗ್ರಾಹಕರೋ ಟೆಂಡರೋ ಕೇಳದಿದ್ದರೆ 100 ಜನರೊಳಗಿನ ಸಂಸ್ಥೆ ಇದಕ್ಕೆ ಕೈಹಾಕುವುದು ನನ್ನ ಪ್ರಕಾರ ಅನಗತ್ಯ. ಕೇಳಿದರೆ ಬೇರೆ ದಾರಿಯಿಲ್ಲ, ಆಗ ಎರಡು ಕಡೆ ಕಣ್ಣಿಡಿ. ಪ್ರಮಾಣಪತ್ರ ಕೊಡುವವರು ಎನ್‌ಎಬಿಸಿಬಿ ಅಥವಾ ಅದಕ್ಕೆ ಸಮನಾದ ಮಾನ್ಯತಾ ಮಂಡಳಿಯಿಂದ ಮಾನ್ಯತೆ ಪಡೆದಿರಬೇಕು. ಪತ್ರದ ಮೇಲಿನ ವ್ಯಾಪ್ತಿಯ ಸಾಲನ್ನೂ ಓದಿ: ‘ಮುಖ್ಯ ಕಚೇರಿಯ ಎಚ್‌ಆರ್ ವಿಭಾಗ’ ಎಂದಷ್ಟೇ ಇದ್ದರೆ ನಿಮ್ಮ ಸರ್ವರ್‌ಗಳಿಗೂ ಆ ಪತ್ರಕ್ಕೂ ಸಂಬಂಧವಿಲ್ಲ. ಹದಿನೈದು ದಿನದಲ್ಲಿ ಕೊಡಿಸುತ್ತೇವೆ ಎನ್ನುವವರಿಂದ ದೂರವಿರಿ. ಆಂತರಿಕ ಆಡಿಟ್, ಆಡಳಿತದ ಪರಾಮರ್ಶೆಗಳ ದಾಖಲೆ ಅಷ್ಟರಲ್ಲಿ ಪ್ರಾಮಾಣಿಕವಾಗಿ ಹುಟ್ಟಲಾರದು.

ಉಚಿತದ್ದು, ಪರಿಚಯದ್ದು, ಮತ್ತು ರೆಡ್ ಟೀಮ್

ಫೈರ್‌ವಾಲ್ ಮಾರುವವರ ‘ಉಚಿತ ಆಡಿಟ್’ ಹೊಸ ಫೈರ್‌ವಾಲ್‌ನ ಕೊಟೇಶನ್‌ನಲ್ಲಿ ಮುಗಿಯುತ್ತದೆ. ಅವರು ತೋರಿಸುವ ಟ್ರಾಫಿಕ್ ಅಂಕಿಅಂಶ ಉಪಯೋಗಕ್ಕೆ ಬರುತ್ತದೆ, ತೀರ್ಮಾನವನ್ನು ಪಕ್ಕಕ್ಕಿಡಿ. ನಿಮ್ಮ ನೆಟ್‌ವರ್ಕ್‌ನ ಎಎಂಸಿ (ವಾರ್ಷಿಕ ನಿರ್ವಹಣೆಯ ಗುತ್ತಿಗೆ) ಹಿಡಿದವರಿಗೇ ಆಡಿಟ್ ಕೊಡುವುದು ಊರಲ್ಲೆಲ್ಲ ನಡೆಯುವ ಪದ್ಧತಿ. ಅವರು ತಮ್ಮದೇ ತಪ್ಪನ್ನು ಬರೆದುಕೊಳ್ಳಬೇಕಾಗುತ್ತದೆ, ಬರೆಯುವುದಿಲ್ಲ. ರೆಡ್ ಟೀಮ್ ಎಂದರೆ ನಿಮ್ಮ ಕಾವಲು ತಂಡ ದಾಳಿಯನ್ನು ಗುರುತಿಸುತ್ತದೆಯೇ ಎಂಬ ಪರೀಕ್ಷೆ. 24 ಗಂಟೆ ಲಾಗ್ ನೋಡುವವರೇ ಇಲ್ಲದ ಸಂಸ್ಥೆಗೆ ಅದರಿಂದ ಏನೂ ಸಿಗದು.

ಯಾರಿಗೆ ಯಾವುದು

ಎಂಟು ಶಾಖೆ, 60 ಕಂಪ್ಯೂಟರ್‌ಗಳ ಸೌಹಾರ್ದಕ್ಕೆ ಸ್ವಂತ ಆಡಿಟ್, ವರ್ಷಕ್ಕೆರಡು ಬಾರಿ ಹೊರಗಿನಿಂದ ಸ್ಕ್ಯಾನ್ ಸಾಕು. ಇವರ ದೊಡ್ಡ ಅಪಾಯ ತಮ್ಮ ಕಚೇರಿಯಲ್ಲಿಲ್ಲ, ತಂತ್ರಾಂಶ ಒದಗಿಸುವವರ ಸರ್ವರ್‌ನಲ್ಲಿದೆ. 2024ರ ಜುಲೈನಲ್ಲಿ ತಂತ್ರಜ್ಞಾನ ಸೇವೆ ಕೊಡುವ ಒಂದೇ ಕಂಪನಿಗೆ ರ‍್ಯಾನ್ಸಮ್‌ವೇರ್ ಬಡಿದು, ಅದನ್ನು ಎನ್‌ಪಿಸಿಐ ಪಾವತಿ ಜಾಲದಿಂದ ಬೇರ್ಪಡಿಸಿದಾಗ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ನಿಂತಿತ್ತು. ಹಾಗಾಗಿ ಪೂರೈಕೆದಾರರಿಂದ ಅವರ ಇತ್ತೀಚಿನ ಆಡಿಟ್ ವರದಿಯ ಸಾರಾಂಶ ಮತ್ತು ದುರಸ್ತಿಯ ಸ್ಥಿತಿಯನ್ನು ಲಿಖಿತವಾಗಿ ಕೇಳಿ. ಎಟಿಎಂ, ಯುಪಿಐ ಇರುವ ನಗರ ಸಹಕಾರಿ ಬ್ಯಾಂಕಿಗೆ ಇಷ್ಟು ಸಾಲದು. ಪುಣೆಯ ಕಾಸ್ಮಾಸ್ ಬ್ಯಾಂಕ್ 2018ರ ಆಗಸ್ಟ್‌ನಲ್ಲಿ ಸುಮಾರು 94 ಕೋಟಿ ಕಳೆದುಕೊಂಡದ್ದು ಎಟಿಎಂ ಸ್ವಿಚ್ ವ್ಯವಸ್ಥೆಯ ಮೇಲಾದ ದಾಳಿಯಲ್ಲಿ. ಅಂಥವರು ಪೆನ್‌ಟೆಸ್ಟ್‌ಗೆ ಹೋಗಲೇಬೇಕು.

ಆಸ್ಪತ್ರೆಯಲ್ಲಿ ಲೆಕ್ಕ ಬೇರೆ. ಸಿಟಿ ಸ್ಕ್ಯಾನ್, ಎಕ್ಸ್‌ರೇ ಯಂತ್ರಗಳ ಜೊತೆ ಬಂದ ವಿಂಡೋಸ್ 7ನ್ನು ತಯಾರಕರ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ, ಸಕ್ರಿಯವಾಗಿ ಸ್ಕ್ಯಾನ್ ಮಾಡುವುದೂ ಅಪಾಯ. ಸ್ವಿಚ್‌ನ ಮಿರರ್ ಪೋರ್ಟ್‌ನಲ್ಲಿ (ಟ್ರಾಫಿಕ್‌ನ ನಕಲು ಬರುವ ಕೊಂಡಿಯಲ್ಲಿ) ಕೂತು ಟ್ರಾಫಿಕ್ ಆಲಿಸುವ ಮೌನ ಪರೀಕ್ಷೆ ಕೇಳಿ. ಆ ಯಂತ್ರಗಳನ್ನು ಪ್ರತ್ಯೇಕ ವಿಎಲ್ಯಾನ್‌ಗೆ (ಅದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ಜಾಲಕ್ಕೆ) ಹಾಕಿ, ಚಿತ್ರಗಳನ್ನು ಇಡುವ ಸರ್ವರ್‌ನೊಂದಿಗೆ ಮಾತ್ರ ಮಾತಾಡಲು ಬಿಡಿ. ಪೆನ್‌ಟೆಸ್ಟ್ ಹಣವನ್ನು ಒಂದು ವರ್ಷ ಮುಂದೂಡಿ ಇದಕ್ಕೂ ಬ್ಯಾಕಪ್‌ಗೂ ಹಾಕುವುದೇ ಸರಿ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸರ್ವರ್‌ಗಳು ರ‍್ಯಾನ್ಸಮ್‌ವೇರ್‌ಗೆ ಸಿಕ್ಕಾಗ ಹೊರರೋಗಿ ವಿಭಾಗದ ಕೆಲಸ ದಿನಗಟ್ಟಲೆ ಕೈಬರಹದಲ್ಲಿ ನಡೆಯಬೇಕಾಯಿತು.

ಕಾರ್ಖಾನೆಗೂ ಬಹುಪಾಲು ಇದೇ ಮಾತು. ಕಚೇರಿಯ ಜಾಲ, ಯಂತ್ರಗಳ ಜಾಲ ಒಂದೇ ಆಗಿದ್ದರೆ ಅವನ್ನು ಬೇರ್ಪಡಿಸುವ ತನಕ ಬೇರೆ ಆಡಿಟ್ ಬೇಡ. ಯಂತ್ರಗಳ ಕಡೆಯ ಪರೀಕ್ಷೆಯನ್ನು ವಾರದ ರಜೆಯ ದಿನ, ಯಂತ್ರ ತಿಳಿದವರೊಬ್ಬರು ಪಕ್ಕದಲ್ಲಿ ನಿಂತಿರುವಾಗ ಮಾಡಿಸಿ.

ಗ್ರಾಹಕರ ದತ್ತಾಂಶ ಇಟ್ಟುಕೊಂಡ ಸಾಫ್ಟ್‌ವೇರ್ ಕಂಪನಿಗೆ ಆ್ಯಪ್‌ನ ಪೆನ್‌ಟೆಸ್ಟ್ ವರ್ಷಕ್ಕೊಮ್ಮೆ ಮತ್ತು ದೊಡ್ಡ ಬದಲಾವಣೆ ಆದಾಗಲೆಲ್ಲ ಬೇಕು, ಗ್ರಾಹಕರು ಕೇಳಿದ ದಿನ ಪ್ರಮಾಣಪತ್ರ. ಕಚೇರಿಯ ವೈಫೈ ಪರೀಕ್ಷೆಗೆ ಇವರು ಸುರಿಯುವ ಹಣ ದಂಡ, ಇವರ ಆಸ್ತಿಯೆಲ್ಲ ಕ್ಲೌಡ್‌ನಲ್ಲಿದೆ. ಅಲ್ಲಿನ ಹಕ್ಕುಗಳು ಯಾರ ಯಾರ ಕೈಯಲ್ಲಿವೆ ಎಂಬ ಪರಿಶೀಲನೆಯನ್ನು ಆಡಿಟ್ ವ್ಯಾಪ್ತಿಗೆ ಸೇರಿಸಿಕೊಳ್ಳಲಿ. ಕಾಲೇಜಿಗೆ ಸ್ವಂತ ಆಡಿಟ್ ಸಾಕು. ವಿದ್ಯಾರ್ಥಿಗಳ ಜಾಲದಿಂದ ಪರೀಕ್ಷಾ ವಿಭಾಗದ ಸರ್ವರ್ ಕಾಣಿಸದಂತೆ ಮಾಡುವುದೇ ಅಲ್ಲಿನ ಮುಕ್ಕಾಲು ಕೆಲಸ.

ಕಾರ್ಯಾದೇಶದಲ್ಲಿ ಬರೆಸಬೇಕಾದ್ದು

ಯಾರನ್ನೇ ಆರಿಸಿ, ಆದೇಶದಲ್ಲಿ ಐಪಿ ವಿಳಾಸಗಳ ಪಟ್ಟಿ, ಮುಟ್ಟಬಾರದ ಯಂತ್ರಗಳ ಪಟ್ಟಿ, ಆಳು-ದಿನಗಳ ಸಂಖ್ಯೆ, ಕೆಲಸದ ಗಂಟೆಗಳು, ಏನಾದರೂ ನಿಂತರೆ ಕರೆ ಮಾಡಬೇಕಾದವರ ಹೆಸರು ಇರಲಿ. ತೀರ ಗಂಭೀರ ದೋಷ ಸಿಕ್ಕರೆ ಅಂತಿಮ ವರದಿಗೆ ಕಾಯದೆ ಅಂದೇ ಫೋನ್‌ನಲ್ಲಿ ತಿಳಿಸಬೇಕು. ಸ್ಕ್ಯಾನರ್‌ನ ಮೂಲ ಕಡತವನ್ನೂ ಕೇಳಿ ಪಡೆಯಿರಿ, ಪಿಡಿಎಫ್‌ನಲ್ಲಿ ವಿಂಗಡಣೆ ಮಾಡಲಾಗದು. ವರದಿ ಬರುವುದು ಎನ್‌ಕ್ರಿಪ್ಟ್ ಆದ ಕಡತವಾಗಿ, ಪಾಸ್‌ವರ್ಡ್ ಬೇರೆ ದಾರಿಯಲ್ಲಿ. ಕೆಲಸ ಮುಗಿದ ಮೇಲೆ ಅವರು ನಿಮ್ಮ ಮಾಹಿತಿಯನ್ನು ಅಳಿಸಿದ್ದಕ್ಕೆ ಪತ್ರವನ್ನೂ ಕೇಳಿ.

ಮರುಪರೀಕ್ಷೆ ಅದೇ ಶುಲ್ಕದೊಳಗೆ ಸೇರಿರಲಿ, 90 ದಿನದೊಳಗೆ ಒಮ್ಮೆ. ಸೇರಿಲ್ಲವೆಂದರೆ ಎರಡು ಕೊಟೇಶನ್‌ಗಳನ್ನು ಹೋಲಿಸುವಾಗ ಅದರ ದರವನ್ನು ನೀವೇ ಕೂಡಿಸಿ ನೋಡಿ, ಅಗ್ಗವೆಂದು ಕಂಡದ್ದು ಎಷ್ಟೋ ಸಲ ಅಲ್ಲೇ ದುಬಾರಿಯಾಗುತ್ತದೆ. ಒಟ್ಟು ಹಣದಲ್ಲಿ ಕನಿಷ್ಠ ಮೂರನೇ ಒಂದು ಭಾಗವನ್ನು ಮರುಪರೀಕ್ಷೆಯ ವರದಿ ಕೈಸೇರಿದ ಮೇಲೆ ಕೊಡುವುದೆಂದು ಬರೆಸಿ. ಆ ಸಾಲಿಗೆ ಒಪ್ಪದವರು ಮರುಪರೀಕ್ಷೆಗೆ ಬರುವುದೂ ಅನುಮಾನವೇ.